ಅಳೆದ ಮೇಲೆ ಮುಖ ನೋಡಬೇಡಿ

"ನಂಬುವುದಿಲ್ಲ ಎನ್ನುವವರು ಎನ್ನಲಿ, ಗುರುಗಳೇ. ಒಂದೇ ಬೇಸಿಗೆಯಲ್ಲಿ ಹದಿನಾಲ್ಕು ಊರಿನ ಸಮಿತಿಗಳನ್ನು ತಯಾರು ಮಾಡಿದವನು ಈ ಸೀಮೆಯಲ್ಲಿ ನಾನೊಬ್ಬನೇ. ನೀರಿನ ಸಮಿತಿ, ಶಾಲೆಯ ಸಮಿತಿ, ದಾರಿಯ ಸಮಿತಿ, ಯಾವುದನ್ನೂ ಬಿಟ್ಟಿಲ್ಲ. ಎಲ್ಲರೂ ಸಂಬಳವಿಲ್ಲದೆ ಊರ ಕೆಲಸಕ್ಕೆ ಕೂತ ಜನ. ನಾನು ಮಾತು ಮುಗಿಸಿದಾಗ ಎದ್ದು ನಿಂತು ಚಪ್ಪಾಳೆ ಹೊಡೆದರು. ಒಂದು ಸಂದೇಹ ಮಾತ್ರ ಉಳಿದಿದೆ. ಕಲಿಸಿದ್ದು ಅವರಿಗೆ ಹತ್ತಿತು ಎಂದು ತಿಳಿಯುವುದು ಹೇಗೆ?"

ಹೀಗೆ ಕೇಳಿದವನು ಕೆಂಚವೀರ ಎಂಬ ಶಿಷ್ಯ. ಕೇಳಿದ್ದು ಪ್ರಶ್ನೆ, ಬೇಕಾಗಿದ್ದು ಹೊಗಳಿಕೆ. ಗುರು ಅವರೆಕಾಯಿ ಸುಲಿಯುತ್ತಿದ್ದರು. ಅರ್ಧ ಮೊರ ಮುಗಿಯುವವರೆಗೆ ತಲೆ ಎತ್ತಲಿಲ್ಲ.

"ಚಪ್ಪಾಳೆ ಆದಮೇಲೆ ಆ ಊರುಗಳಿಗೆ ಮತ್ತೆ ಹೋಗಿದ್ದೆಯಾ?"

"ಏಕೆ ಹೋಗಬೇಕು? ಬಿತ್ತಿದವನು ದಿನವೂ ಮಣ್ಣು ಕೆದಕಿ ಮೊಳಕೆ ನೋಡುತ್ತಾನೆಯೇ?"

"ಒಳ್ಳೆಯ ಮಾತು," ಎಂದರು ಗುರು. "ನಿನಗಿಂತ ಒಳ್ಳೆಯ ಮಾತುಗಾರನೊಬ್ಬನಿದ್ದ. ಅವನ ಕತೆ ಹೇಳುತ್ತೇನೆ. ನಂಬುವುದು ಬಿಡುವುದು ನಿನಗೆ ಸೇರಿದ್ದು."

ಮೊರವನ್ನು ಪಕ್ಕಕ್ಕೆ ಸರಿಸಿ ಹೇಳತೊಡಗಿದರು.

ಒಂದು ಸೀಮೆಯಲ್ಲಿ ಒಬ್ಬ ಯುವಕನಿದ್ದ. ಹಳ್ಳಿಯಲ್ಲಿ ಹುಟ್ಟಿ, ಎಮ್ಮೆ ಮೇಯಿಸಿ ಬೆಳೆದವನು. ಊರ ಸಮಿತಿಗಳಿಗೆ ಕೆಲಸ ಕಲಿಸುವುದು ಅವನ ಉದ್ಯೋಗ. ಬಾಯಿ ತೆರೆದರೆ ಅರಳು ಹುರಿದ ಹಾಗೆ ಮಾತು. ಹತ್ತೊಂಬತ್ತು ಊರುಗಳಲ್ಲಿ ಪಾಠ ಹೇಳಿದ್ದ. ಪ್ರತಿ ಊರಿನಲ್ಲೂ ಜನ ಹೌದು ಸ್ವಾಮಿ ಎಂದರು, ತಲೆ ಆಡಿಸಿದರು, ಊಟ ಹಾಕಿ ಕಳಿಸಿದರು. ಅವನು ಊರ ಗಡಿ ದಾಟಿದ ಮೇಲೆ ಮೊದಲು ಏನಿತ್ತೋ ಅದೇ ಇತ್ತು. ಮೀಸೆ ದಪ್ಪಗಿದ್ದವನು ಕೆರೆಯ ತೂಬು ಎತ್ತಿ ತನಗೆ ಬೇಕಾದಷ್ಟು ನೀರು ಬಿಟ್ಟುಕೊಳ್ಳುತ್ತಿದ್ದ. ಸಮಿತಿಯವರು ಹೌದಪ್ಪನ ಚಾವಡಿಯಲ್ಲಿ ಹೌದಪ್ಪ, ಅಲ್ಲಪ್ಪನ ಚಾವಡಿಯಲ್ಲಿ ಅಲ್ಲಪ್ಪ ಎಂದುಕೊಂಡು ಇರುತ್ತಿದ್ದರು. ಯುವಕ ಹಿಂದಕ್ಕೆ ತಿರುಗಿ ನೋಡುವವನಲ್ಲ. ಆದ್ದರಿಂದ ಇದು ಅವನಿಗೆ ಕಾಣಲಿಲ್ಲ.

ಒಂದು ದಿನ ಅವನ ಮೇಲಿನ ಅಧಿಕಾರಿ ಕರೆಸಿದ.

"ಇಪ್ಪತ್ತನೆಯದು ನಿನ್ನ ಸ್ವಂತ ಊರು. ಅಲ್ಲಿಯ ಕೆರೆ ಸಮಿತಿಯನ್ನು ತಯಾರು ಮಾಡು. ನಾಳೆ ಇಳಿಹೊತ್ತಿಗೆ ನಾನೇ ಬಂದು ನೋಡುತ್ತೇನೆ. ನಿನ್ನ ಜನ ಬಾಯಿಬಿಟ್ಟು ಒಂದು ತೀರ್ಮಾನ ಮಾಡುವುದನ್ನು ಕಂಡರೆ ಇಡೀ ಸೀಮೆಗೆ ನೀನೇ ಹಿರಿಯ ಬೋಧಕ. ಅವರು ಗೊಂಬೆಗಳಂತೆ ಕೂತಿದ್ದರೆ ನಿನ್ನ ಉದ್ಯೋಗ ಅಲ್ಲಿಗೇ ಮುಗಿಯಿತು."

ಯುವಕ ನಕ್ಕ. "ನಮ್ಮ ಊರೇ? ಅಲ್ಲಿಯ ನಾಯಿಗಳೂ ನನ್ನ ಮಾತು ಕೇಳುತ್ತವೆ," ಎಂದ.

ನಾಯಿಗಳು ಕೇಳುತ್ತಿದ್ದವೋ ಏನೋ, ಜನ ಕೇಳಲಿಲ್ಲ. ಹಿತ್ತಲ ಗಿಡ ಮದ್ದಲ್ಲ. ಸಮಿತಿಯಲ್ಲಿ ಐದು ಜನ. ಒಬ್ಬ ಕುಂಬಾರ, ಒಬ್ಬ ಕುರಿಗಾಹಿ, ಒಬ್ಬಳು ಮಡಿವಾಳಗಿತ್ತಿ, ಒಬ್ಬಳು ಮುದಿ ಸೂಲಗಿತ್ತಿ, ಮತ್ತು ಕಾಲುವೆಯ ಕಟ್ಟಕಡೆಯಲ್ಲಿ ಗದ್ದೆಯಿದ್ದ ಒಬ್ಬ ರೈತ. ಬೆಳಿಗ್ಗೆ ಹೊಂಗೆಮರದ ಕೆಳಗೆ ಊರ ಕಟ್ಟೆಯ ಮೇಲೆ ಕೂತರು. ಯುವಕ ಹಕ್ಕು ಹೇಳಿದ, ಹೊಣೆ ಹೇಳಿದ, ಸಭೆ ನಡೆಸುವ ಕ್ರಮ ಹೇಳಿದ. ಕುಂಬಾರ ಆಕಳಿಸಿದ. ಆಕಳಿಕೆ ಕುರಿಗಾಹಿಗೂ ಅಂಟಿತು.

"ಮೂರು ವರ್ಷದವರೆಗೆ ನಿನಗೆ ಬಾಯಿಯೇ ಬಂದಿರಲಿಲ್ಲ, ಮಗ," ಎಂದಳು ಸೂಲಗಿತ್ತಿ. "ಗಿಣಿ ಕಚ್ಚಿದ ಸೀಬೆಹಣ್ಣು ತಿನ್ನಿಸಿ ಮಾತು ಬರಿಸಿದವಳು ನಾನು. ಒಂದು ಹಣ್ಣು ಜಾಸ್ತಿಯಾಯಿತು ಅಂತ ಕಾಣುತ್ತದೆ."

ಐವರೂ ನಕ್ಕರು. ಯುವಕನೂ ನಕ್ಕ, ಒಳಗೆ ಬೆವರಿದ. ಕೆರೆಯಲ್ಲಿ, ಕಾಲುವೆಯಲ್ಲಿ ಏನು ತೊಂದರೆ ಇದೆ ಹೇಳಿ ಎಂದು ಒಬ್ಬೊಬ್ಬರನ್ನೇ ಕೇಳಿದ. ಎಲ್ಲ ಸರಿಯಿದೆ ಎಂದ ಕುಂಬಾರ. ಕುಂಬಾರ ಹೇಳಿದ ಹಾಗೆಯೇ ಎಂದ ಕುರಿಗಾಹಿ. ಅವರಿಬ್ಬರೂ ಹೇಳಿದ ಹಾಗೆಯೇ ಎಂದಳು ಮಡಿವಾಳಗಿತ್ತಿ. ರೈತ ಅಷ್ಟನ್ನೂ ಹೇಳಲಿಲ್ಲ. ತನ್ನ ಕಾಲ ಹೆಬ್ಬೆರಳು ನೋಡುತ್ತ ಕೂತ. ಇಳಿಹೊತ್ತಿಗೂ ಹೀಗೆಯೇ ಕೂತರೆ ತಾನು ಕೆಟ್ಟ ಹಾಗೆಯೇ ಎಂದು ಯುವಕನಿಗೆ ತಿಳಿಯಿತು.

ಆಗ ಅವನಿಗೊಂದು ಉಪಾಯ ಹೊಳೆಯಿತು.

"ಒಂದು ಆಟ ಆಡೋಣ," ಎಂದ. "ಇದು ನಿಜದ ಸಭೆಯಲ್ಲ, ಬರಿಯ ಅಭ್ಯಾಸ. ಒಬ್ಬ ಮನುಷ್ಯ ಕಾಲುವೆಯನ್ನು ಒತ್ತಿ ತನ್ನ ಹೊಲಕ್ಕೆ ಸೇರಿಸಿಕೊಂಡಿದ್ದಾನೆ ಎಂದುಕೊಳ್ಳಿ. ನೀವು ವಿಚಾರಿಸಬೇಕು. ಯಾರು ಆ ಕಳ್ಳನಾಗುತ್ತೀರಿ?"

ಯಾರೂ ಆಗಲಿಲ್ಲ.

"ಕಟ್ಟೆಯ ಮೇಲೆ ಕೂತು ಕಳ್ಳ ಅನ್ನಿಸಿಕೊಳ್ಳುವುದೇ? ನಾನು ಒಲ್ಲೆ," ಎಂದ ಕುರಿಗಾಹಿ.

"ಸುಳ್ಳು ಕಳ್ಳ, ಮಾವ."

"ಕಟ್ಟೆಯ ಮೇಲೆ ಸುಳ್ಳು ಯಾವುದಪ್ಪ?"

ಆ ಊರಿನ ನಡೆಯೇ ಹಾಗೆ. ಮನೆಯೊಳಗೆ ಏನು ಬೇಕಾದರೂ ಆಡಿಕೊಳ್ಳಬಹುದು, ಹೊಲದಲ್ಲಿ ಬೈದಾಡಬಹುದು. ಕಟ್ಟೆಯ ಮೇಲೆ ಆಡಿದ್ದು ಮಾತ್ರ ಕೊಟ್ಟ ಮಾತು. ಅದರ ಮೇಲೆ ಎಲೆ ಅಡಿಕೆ ಹಾಕಿಕೊಂಡರೆ ಮುಗಿಯಿತು, ಹಿಂದಕ್ಕೆ ದಾರಿಯಿಲ್ಲ. ಹೆಣ್ಣು ಕೊಡುವುದು, ಪಾಲು ಹಂಚುವುದು, ಜಗಳ ಬಿಡಿಸುವುದು ಎಲ್ಲ ಹಾಗೆಯೇ. ಯುವಕನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಹತ್ತೊಂಬತ್ತು ಊರಿನ ಊಟದಲ್ಲಿ ಮರೆತಿದ್ದ.

"ಹೋಗಲಿ, ನಾನೇ ಕಳ್ಳ," ಎಂದು ಎದೆ ತಟ್ಟಿಕೊಂಡ. "ನನ್ನ ಹೆಸರೇ ಹಾಕಿಕೊಳ್ಳಿ. ಕಾಲುವೆಯ ಪಕ್ಕದ ನಮ್ಮ ಹೊಲವನ್ನೇ ಹಿಡಿಯಿರಿ. ನನ್ನ ಹೊಸ ಕೊಟ್ಟಿಗೆಯನ್ನೂ ಸೇರಿಸಿಕೊಳ್ಳಿ."

ಅವನಿಗೆ ಧೈರ್ಯವಿತ್ತು. ಅವನ ಅಪ್ಪ ಆ ಊರಿನಲ್ಲಿ ನುಡಿದರೆ ನುಡಿ. ಅಣ್ಣತಮ್ಮಂದಿರು ಪಾಲಿಗೆ ಜಗಳವಾಡಿದರೆ ಅಪ್ಪನನ್ನೇ ಕರೆಯುತ್ತಿದ್ದರು. ಬಂಗಾರಕ್ಕೆ ಮಸಿ ಹತ್ತಿದರೆ ಒರೆಸಿದರಾಯಿತು ಎಂದುಕೊಂಡ. ಕೊಟ್ಟಿಗೆಯೂ ಅವನ ಹೆಮ್ಮೆಯೇ. ಆ ವರ್ಷ ತಾನೇ ನಿಂತು ಕಟ್ಟಿಸಿದ್ದು, ಕಲ್ಲಿನ ಗೋಡೆ, ಹೆಂಚಿನ ಮಾಡು. ಊರಿಗೆ ಬಂದವರಿಗೆಲ್ಲ ಅದನ್ನು ತೋರಿಸದೆ ಬಿಡುತ್ತಿರಲಿಲ್ಲ.

ಆಟ ಶುರುವಾಯಿತು. ಯುವಕ ಇಲ್ಲದ ಮೀಸೆ ತಿರುವಿದ.

"ಕಾಲುವೆ ನಮ್ಮಪ್ಪನದು. ಏನು ಮಾಡಿಕೊಳ್ಳುತ್ತೀರೋ ಮಾಡಿಕೊಳ್ಳಿ. ಸಮಿತಿಯಂತೆ ಸಮಿತಿ. ಕುರಿ ಕಾಯುವವನು, ಮಡಕೆ ಮಾಡುವವನು, ನೀವು ನನಗೆ ನ್ಯಾಯ ಹೇಳುತ್ತೀರಾ?"

ಕುರಿಗಾಹಿಯ ಮುಖ ಕೆಂಪಾಯಿತು. ಆದರೆ ಮೊದಲು ಬಾಯಿಬಿಟ್ಟವನು ರೈತ. ಅಲ್ಲಿಯವರೆಗೆ ಯಾವ ಸಭೆಯಲ್ಲೂ ಅವನ ದನಿ ಯಾರೂ ಕೇಳಿರಲಿಲ್ಲ.

"ನಮ್ಮಪ್ಪನ ಕಾಲಕ್ಕೆ ನಮ್ಮ ಗದ್ದೆಯಲ್ಲಿ ಎರಡು ಬೆಳೆ. ನನ್ನ ಮದುವೆಯ ಹೊತ್ತಿಗೆ ಒಂದು. ಈಗ ಹುಲ್ಲು. ಕೆರೆ ಕೋಡಿ ಹರಿದ ವರ್ಷವೂ ನನ್ನ ಗದ್ದೆಯಲ್ಲಿ ಹುಲ್ಲೇ. ನೀರು ಎಲ್ಲಿಗೆ ಹೋಗುತ್ತದೆ, ಕೇಳಿ ಇವನನ್ನು."

ಯುವಕ ಹಿಗ್ಗಿದ. ಇಷ್ಟು ಚೆನ್ನಾಗಿ ಆಟ ಕಟ್ಟುವವನು ಇಷ್ಟು ದಿನ ಸುಮ್ಮನೆ ಕೂತಿದ್ದನಲ್ಲ ಎಂದುಕೊಂಡ. ಕಳ್ಳನ ದನಿ ಬಿಟ್ಟು ಬೋಧಕನ ದನಿಗೆ ಬಂದ.

"ಹೀಗೆ ಕೇಳಬೇಕು. ಇನ್ನು ನಿಮ್ಮ ಕೆಲಸ. ಕೇಳಿದ್ದನ್ನು ನಂಬಬೇಡಿ, ಹೋಗಿ ನೋಡಿ. ಕಣ್ಣನ್ನೂ ನಂಬಬೇಡಿ, ಅಳೆಯಿರಿ. ಅಳೆದ ಮೇಲೆ ಯಾರ ಮುಖವನ್ನೂ ನೋಡಬೇಡಿ."

ಬೇರೆ ಊರುಗಳಲ್ಲಿ ಈ ಮಾತು ಹೇಳಿದಾಗ ಜನ ಒಂದು ಮರ ಸುತ್ತಿ ಬಂದು, ನೋಡಿದೆವು, ಅಳೆದೆವು ಎಂದು ಕೂತುಬಿಡುತ್ತಿದ್ದರು. ಇಲ್ಲಿ ಕುರಿಗಾಹಿ ಹಗ್ಗ ಹೆಗಲಿಗೆ ಹಾಕಿಕೊಂಡ. ಐವರೂ ಕಟ್ಟೆ ಇಳಿದು ಕಾಲುವೆಯ ಕಡೆ ನಡೆದರು.

"ಎಲ್ಲಿಗೆ ಹೊರಟಿರಿ?"

"ನೋಡಲಿಕ್ಕೆ."

ಯುವಕ ಕೆಮ್ಮು ಬರುವವರೆಗೆ ನಕ್ಕ. ಎಂಥ ಮುಗ್ಧ ಜನ ಎಂದುಕೊಂಡ. ಕಟ್ಟೆಯ ಮೇಲೆ ಕಾಲು ಚಾಚಿದ. ಹಿರಿಯ ಬೋಧಕನಾದ ಮೇಲೆ ಕುದುರೆ ಇಟ್ಟುಕೊಳ್ಳುವುದೋ ಗಾಡಿಯೋ ಎಂದು ಯೋಚಿಸುತ್ತ ನಿದ್ದೆ ಹೋದ.

ಹೊತ್ತು ನೆತ್ತಿಗೆ ಬಂದಾಗ ಐವರು ಹಿಂದಿರುಗಿದರು. ಕಾಲಿಗೆ ಮೊಣಕಾಲಿನವರೆಗೆ ಕೆಸರು. ಮಡಿವಾಳಗಿತ್ತಿ ನಿಂತು ಹೇಳಿದಳು. ಎಣಿಸಿ ಎಣಿಸಿ ಹೇಳಿದಳು.

"ಕಾಲುವೆ ತೂಬಿನ ಹತ್ತಿರ ಆರು ಮೊಳ. ಕುಂಬಾರರ ಹೊಲದ ಹತ್ತಿರ ಆರು ಮೊಳ. ನಿಮ್ಮ ಹೊಲದ ಹತ್ತಿರ ಮೂರು. ಮಿಕ್ಕ ಮೂರು ಮೊಳದ ಮೇಲೆ ನಿನ್ನ ಕೊಟ್ಟಿಗೆಯ ಗೋಡೆ ನಿಂತಿದೆ. ಇಂದು ಹೊತ್ತು ಮುಳುಗುವುದರೊಳಗೆ ಗೋಡೆ ಇಳಿಯಬೇಕು. ಒಪ್ಪುತ್ತೀಯಾ?"

ಅವಳ ಕೈಯಲ್ಲಿ ಎಲೆ ಅಡಿಕೆಯ ತಟ್ಟೆಯಿತ್ತು.

ಯುವಕ ಕುಣಿಯುವುದೊಂದು ಬಾಕಿ. ದೂರು, ಅಳತೆ, ತೀರ್ಮಾನ, ಗಡುವು, ಒಂದೂ ತಪ್ಪಿಲ್ಲ. ಅಧಿಕಾರಿಯ ಮುಂದೆ ಹೀಗೆಯೇ ಹೇಳಿದರೆ ಹುದ್ದೆ ತನ್ನ ಜೇಬಿನಲ್ಲಿ.

"ಒಪ್ಪಿದೆ," ಎಂದು ಬಯಲಾಟದ ರಾಜನ ಹಾಗೆ ಬಾಗಿದ. ಎಲೆಗೆ ಸುಣ್ಣ ಹಚ್ಚಿ, ಮಡಿಸಿ, ದವಡೆಗೆ ಇಟ್ಟುಕೊಂಡ. ಐವರೂ ಒಂದೊಂದು ಎಲೆ ಹಾಕಿಕೊಂಡರು. ಯಾರೂ ನಗಲಿಲ್ಲ.

ಸೂಲಗಿತ್ತಿ ಅವನನ್ನು ಬಹಳ ಹೊತ್ತು ನೋಡಿದಳು.

"ಇನ್ನೊಂದು ಸಲ ಕೇಳುತ್ತೇನೆ, ಮಗ. ತಿಳಿದು ಹಾಕಿಕೊಂಡೆಯಾ?"

"ತಿಳಿದೇ ಹಾಕಿಕೊಂಡೆ, ಅಜ್ಜಿ. ಸುಣ್ಣ ಸ್ವಲ್ಪ ಜಾಸ್ತಿಯಾಯಿತು."

ಯುವಕ ಅಧಿಕಾರಿಯನ್ನು ಎದುರುಗೊಳ್ಳಲು ಪಕ್ಕದ ಊರಿನ ಗಡಿಗೆ ಹೋದ. ದಾರಿಯುದ್ದಕ್ಕೂ ಅವನ ಬಾಯಿ ನಿಲ್ಲಲಿಲ್ಲ.

"ಸ್ವಾಮಿ, ಬೇರೆ ಕಡೆ ಒಂದು ತಿಂಗಳು ಹಿಡಿಯುವುದನ್ನು ಇಲ್ಲಿ ಅರ್ಧ ದಿನದಲ್ಲಿ ಮುಗಿಸಿದ್ದೇನೆ. ಇವರು ಬರಿಯ ಮಾತಿನವರಲ್ಲ. ಹೇಳಿದ್ದನ್ನು ಮಾಡಿ ತೋರಿಸುವವರು."

"ನೋಡೋಣ," ಎಂದ ಅಧಿಕಾರಿ.

ಊರಿಗೆ ತಿರುಗುವ ಕಡೆ ಬಂದಾಗ ಯುವಕ ನಿಂತುಬಿಟ್ಟ. ಕೊಟ್ಟಿಗೆಯ ಗೋಡೆ ಇರಬೇಕಾದ ಕಡೆ ಅದರ ಹಿಂದಿನ ಕೆರೆ ಏರಿ ಕಾಣುತ್ತಿತ್ತು. ಹೆಂಚುಗಳನ್ನು ಒಂದರ ಮೇಲೊಂದು ಒಪ್ಪವಾಗಿ ಜೋಡಿಸಿದ್ದರು. ತೊಲೆಗಳನ್ನು ಸಾಲಾಗಿ ಮಲಗಿಸಿದ್ದರು. ಎತ್ತುಗಳನ್ನು ನೆರಳಿಗೆ ಕಟ್ಟಿ ಹುಲ್ಲು ಹಾಕಿದ್ದರು. ಕುಂಬಾರ ಕೊನೆಯ ಸಾಲಿನ ಕಲ್ಲುಗಳನ್ನು ಹಾರೆಯಿಂದ ಎಬ್ಬಿಸುತ್ತಿದ್ದ.

ಯುವಕ ಓಡಿಬಂದ.

"ಏನು ಮಾಡಿಬಿಟ್ಟಿರಿ? ಅದು ಆಟ. ಆಟವೆಂದು ಮೊದಲೇ ಹೇಳಿದ್ದೆನಲ್ಲ."

"ನೀನು ಆಟ ಅಂದೆ," ಎಂದಳು ಸೂಲಗಿತ್ತಿ. "ಹಗ್ಗ ಆಟ ಅನ್ನಲಿಲ್ಲ."

ಅವನು ಕುಂಬಾರನ ಕೈ ಹಿಡಿದುಕೊಂಡ. "ಮಾವ, ನೀನು ಮಡಕೆ ಸುಡುವ ಆವಿಗೆಯ ಪಕ್ಕದಲ್ಲಿ ಆಡಿ ಬೆಳೆದವನು ನಾನು. ನಿನ್ನ ಮನೆಯ ಮಗನ ಗೋಡೆಗೆ ಹಾರೆ ಹಾಕಲು ನಿನಗೆ ಮನಸ್ಸು ಹೇಗೆ ಬಂತು?"

ಕುಂಬಾರ ಕೈ ಬಿಡಿಸಿಕೊಂಡ. ತಲೆ ಎತ್ತಲಿಲ್ಲ. "ಮನಸ್ಸು ಬರಲಿಲ್ಲ," ಎಂದ. ಮತ್ತೆ ಹಾರೆ ಹಾಕಿದ.

ಯುವಕ ಅಪ್ಪನನ್ನು ಹುಡುಕಿದ. ಅಪ್ಪ ಹೆಂಚಿನ ರಾಶಿಯ ಪಕ್ಕದಲ್ಲಿ ಕೂತಿದ್ದ. ಅವನ ಕಾಲಿಗೂ ಮೊಣಕಾಲಿನವರೆಗೆ ಕೆಸರು ಒಣಗಿತ್ತು.

"ಅಪ್ಪಾ, ಇವರು ಕೆಡವುತ್ತಿದ್ದರೆ ನೀನು ನೋಡುತ್ತ ಕೂತೆಯಾ?"

"ಕೂತಿರಲಿಲ್ಲ. ಅಳೆಯುವಾಗ ಹಗ್ಗದ ಇನ್ನೊಂದು ತುದಿ ಹಿಡಿದವನು ನಾನೇ."

"ಹಾಗಾದರೆ ಅಳತೆ ತಪ್ಪು ಎಂದು ಹೇಳು. ನೀನು ಹೇಳಿದರೆ ಊರು ಕೇಳುತ್ತದೆ. ಅಧಿಕಾರಿಗಳೂ ಇಲ್ಲೇ ಇದ್ದಾರೆ, ಹೇಳು."

ಅಪ್ಪ ತನ್ನ ಅಂಗೈ ನೋಡಿಕೊಂಡು, ಮಗನಿಗಷ್ಟೇ ಕೇಳುವ ಹಾಗೆ ಹೇಳಿದ.

"ನಿನ್ನ ಅಜ್ಜ ಶುರು ಮಾಡಿದ್ದು. ವರ್ಷಕ್ಕೊಮ್ಮೆ ಬದು ಸರಿಮಾಡುವಾಗ ಹೊಲದ ಕಡೆಯ ಮಗ್ಗುಲು ಕೆತ್ತುವುದು, ಕಾಲುವೆಯ ಕಡೆಯ ಮಗ್ಗುಲಿಗೆ ಮಣ್ಣು ಮೆತ್ತುವುದು. ವರ್ಷಕ್ಕೆ ಒಂದು ಬೆರಳು. ಒಂದು ಬೆರಳು ಯಾರ ಕಣ್ಣಿಗೂ ಕಾಣುವುದಿಲ್ಲ, ಮಗ. ಅವನು ಹೋದಮೇಲೆ ನಾನೂ ಹಾಗೆಯೇ ಮಾಡಿದೆ. ಒಂದು ದಿನ ಯಾರಾದರೂ ಅಳೆಯುತ್ತಾರೆ ಎಂದು ಪ್ರತಿ ವರ್ಷ ಕಾದೆ. ಯಾರೂ ಬರಲಿಲ್ಲ. ನೀನು ಗೋಡೆ ಎಬ್ಬಿಸುವಾಗಲಾದರೂ ಹೇಳಬೇಕು ಅಂದುಕೊಂಡೆ. ನಾಲಿಗೆ ಏಳಲಿಲ್ಲ."

ಯುವಕ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತ. ಗೋಡೆ ಬಿದ್ದದ್ದು ಅವನಿಗೆ ಅಷ್ಟು ತಾಗಿರಲಿಲ್ಲ. ಈ ಮನುಷ್ಯನ ಮಾತಿಗೆ ಊರೇ ಸುಮ್ಮನಾಗುತ್ತಿತ್ತು. ಈ ಮನುಷ್ಯನ ಮಗ ಎಂದು ಹೇಳಿಕೊಂಡು ತಾನು ಹತ್ತೊಂಬತ್ತು ಊರುಗಳಲ್ಲಿ ಎದೆ ಸೆಟೆಸಿ ನಿಂತಿದ್ದ. ಅತ್ತ ರೈತ ಮೂರು ಮೊಳದ ಕಾಲುವೆಯಲ್ಲಿ ಇಳಿದು ನಿಂತಿದ್ದ. ಅವನ ಎರಡು ಬೆಳೆ ಬೆರಳು ಬೆರಳಾಗಿ ಎಲ್ಲಿಗೆ ಹೋಯಿತು ಎಂದು ಈಗ ಯುವಕನಿಗೂ ಕಾಣುತ್ತಿತ್ತು.

ಅಧಿಕಾರಿ ಮುಂದೆ ಬಂದ. ಬಿದ್ದ ಗೋಡೆ ನೋಡಿದ, ಹಗ್ಗ ನೋಡಿದ, ಐವರನ್ನೂ ನೋಡಿದ.

"ಇವರಿಗೆ ಈ ಕೆಲಸ ಕಲಿಸಿದವರು ಯಾರು?"

ಯುವಕ ಎದ್ದು ನಿಂತ. ಅವನಿಗೆ ಎರಡು ದಾರಿಯಿತ್ತು. ಇವರು ನನ್ನ ಪಾಠ ತಪ್ಪು ತಿಳಿದು ಅನ್ಯಾಯ ಮಾಡಿದ್ದಾರೆ ಎಂದರೆ ಅಧಿಕಾರಿಯ ಒಂದು ಮಾತಿನಿಂದ ಗೋಡೆ ಮತ್ತೆ ಏಳುತ್ತದೆ, ಅಪ್ಪನ ಹೆಸರು ಉಳಿಯುತ್ತದೆ, ತನ್ನ ಉದ್ಯೋಗ ಹೋಗುತ್ತದೆ. ಕಲಿಸಿದವನು ನಾನು ಎಂದರೆ ಇವರು ಮಾಡಿದ್ದೆಲ್ಲ ಸರಿ ಎಂದ ಹಾಗೆ. ಆಗ ಅಜ್ಜನನ್ನೂ ಅಪ್ಪನನ್ನೂ ಊರ ಮುಂದೆ ಕಳ್ಳರೆಂದು ಕರೆದವನು ಮಗನೇ ಆಗುತ್ತಾನೆ.

ಅವನು ಸಮಿತಿಯವರ ಕಡೆ ನೋಡಿದ. ಒಬ್ಬರಾದರೂ ಕಣ್ಣಲ್ಲಿ ಏನಾದರೂ ಹೇಳಲಿ ಎಂದು ನೋಡಿದ. ಐವರಲ್ಲಿ ಒಬ್ಬರೂ ಅವನ ಮುಖ ನೋಡಲಿಲ್ಲ. ಅದನ್ನೂ ಅವನೇ ಕಲಿಸಿದ್ದ.

"ನಾನೇ," ಎಂದ.

ಅಷ್ಟು ಚಿಕ್ಕ ಮಾತನ್ನು ಅವನು ಹುಟ್ಟಿದಂದಿನಿಂದ ಆಡಿರಲಿಲ್ಲ.

ಹೊತ್ತು ಇನ್ನೂ ಮುಳುಗಿರಲಿಲ್ಲ. ಗೋಡೆ ಇಳಿದಿತ್ತು. ಅದರ ಅಡಿಯ ಮೂರು ಮೊಳ ಮಣ್ಣು ಕಾಲುವೆಯಲ್ಲಿ ಹಾಗೆಯೇ ಇತ್ತು.

ಇಷ್ಟು ಹೇಳಿ ಗುರು ಮೊರವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು. ಕೆಂಚವೀರನಿಗೆ ತಡೆಯಲಾಗಲಿಲ್ಲ.

"ಕತೆ ಅಲ್ಲಿಗೇ ನಿಲ್ಲುವುದೇ, ಗುರುಗಳೇ? ಅಷ್ಟು ಕಷ್ಟಪಟ್ಟು ನಿಜ ಒಪ್ಪಿಕೊಂಡ ಮೇಲೆ ಅವನಿಗೆ ಏನಾದರೂ ಕೊಟ್ಟಿರಬೇಕಲ್ಲ? ಹಿರಿಯ ಬೋಧಕನ ಹುದ್ದೆ ಸಿಕ್ಕಿತೇ?"

ಗುರು ಒಂದು ಕಾಯಿ ಸುಲಿದು ಹೇಳಿದರು:

"ಅಧಿಕಾರಿ ಬಾಯಿ ತೆರೆಯುವ ಮೊದಲೇ ಸಮಿತಿ ಆ ಯುವಕನ ಕೈಗೆ ಒಂದು ಗುದ್ದಲಿ ಕೊಟ್ಟಿತು."